ಬಸ್ರಾದಿಂದ ಬರುತ್ತಿದ್ದ ಮದ್ದು

ಹಳೆಯ ಮುಖ್ಯೋಪಾಧ್ಯಾಯರೊಬ್ಬರು ತೀರಿಕೊಂಡರೆಂದು ಶಾಲೆಯ ಅಂಗಳದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮೌನಾಚರಣೆ ಮಾಡಿಸುತ್ತಿದ್ದಾಗ ಹತ್ತನೆಯ ತರಗತಿಯ ಲೀಲಾಧರ ನಗುತ್ತ ನಿಂತಿದ್ದ. ಡ್ರಿಲ್ ಮಾಸ್ತರರು ಬಂದು ಕೆನ್ನೆಗೆ ಹೊಡೆದರು. ನಗು ಹೋಗಲಿಲ್ಲ. ಮತ್ತೊಂದು ಹೊಡೆದರು. ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿತ್ತು, ಬಾಯಿ ಮಾತ್ರ ಹಲ್ಲು ಕಾಣುವ ಹಾಗೆ ತೆರೆದೇ ಇತ್ತು. ಮಾಸ್ತರರಿಗೇ ಹೆದರಿಕೆಯಾಗಿ ಕೈ ಕೆಳಗಿಳಿಸಿದರು. ತಾಯಿಯನ್ನು ಕರೆಸಿ ಹುಡುಗನನ್ನು ಕಳಿಸಿಕೊಟ್ಟರು.

ಅದು 1979ರ ಮಳೆಗಾಲ. ತಾಯಿ ನಳಿನಾಕ್ಷಿ ಕಾಪುವಿನಿಂದ ಪಾಂಗಾಳ, ಮಟ್ಟು ಕಡೆಗೆ ಬುಟ್ಟಿ ಹೊತ್ತು ಮೀನು ಮಾರುವವಳು. ದಾರಿಯಲ್ಲಿ ಅವಳು ಮಗನನ್ನು ಬೈಯುತ್ತಲೇ ಬಂದಳು. ಕಡಲ ದಾರಿಗೆ ತಿರುಗುವಲ್ಲಿ ಅವನು ನಿಂತ.

"ನಾನು ನಗಲಿಲ್ಲ ಅಮ್ಮ." ನಾಲಿಗೆ ದಪ್ಪಗಾದವನಂತೆ ಮಾತು ಎಳೆಯುತ್ತಿತ್ತು.

"ಮತ್ತೆ ಮುಖ ಎಂತಕ್ಕೆ ಹಾಗೆ ಉಂಟು?"

"ಗೊತ್ತಿಲ್ಲ. ಬಾಯಿ ಮುಚ್ಚಲಿಕ್ಕೆ ಆಗುವುದಿಲ್ಲ."

ಆಗ ಅವಳು ಅವನನ್ನು ಸರಿಯಾಗಿ ನೋಡಿದಳು. ಕೆಲವು ತಿಂಗಳಿಂದ ಅವನು ಊಟಕ್ಕೆ ಕೂತರೆ ತುತ್ತು ಬಾಯಿ ಸೇರುವ ಮೊದಲೇ ಚೆಲ್ಲುತ್ತಿತ್ತು. ಅಂಗಿಯ ಎದೆ ಜೊಲ್ಲಿನಿಂದ ಒದ್ದೆಯಾಗಿರುತ್ತಿತ್ತು. ಹುಡುಗಾಟ, ಅಜಾಗ್ರತೆ ಎಂದುಕೊಂಡು ಅವಳೂ ಗದರಿದ್ದಳು.

ಗಂಡ ಚಂದು ಮಲ್ಪೆಯ ಬೋಟಿನಲ್ಲಿ ಕೆಲಸಕ್ಕಿದ್ದ. ಅವನು ನಳಿನಾಕ್ಷಿಯ ಸೋದರಮಾವನ ಮಗನೇ. ಹೆಣ್ಣಿನಿಂದ ಕುಟುಂಬ ಮುಂದುವರಿಯುವ ಅಳಿಯಸಂತಾನದವರು ಅವರು; ಮನೆ ನಳಿನಾಕ್ಷಿಯ ತಾಯಿ ಸುಗಂಧಿಯದು. ಲೀಲಾಧರನ ಕೆಳಗೆ ಒಬ್ಬಳೇ ತಂಗಿ, ಒಂಬತ್ತು ವರ್ಷದ ಸ್ವರ್ಣಲತಾ. ಮಳೆಗಾಲದಲ್ಲಿ ಬೋಟು ಕಡಲಿಗೆ ಇಳಿಯದ ಕಾರಣ ಚಂದು ಮನೆಯಲ್ಲೇ ಇದ್ದ. ಮಗನನ್ನು ಕಾರ್ಕಳದ ಒಬ್ಬ ವೈದ್ಯರ ಬಳಿಗೆ ಅವನೇ ಕರೆದುಕೊಂಡು ಹೋದ. "ನರಗಳ ದೌರ್ಬಲ್ಯ, ಈ ಪ್ರಾಯದಲ್ಲಿ ಆಗ್ತದೆ" ಎಂದು ಅವರು ಟಾನಿಕ್ ಬರೆದುಕೊಟ್ಟರು. ಅದಾದ ಮೇಲೆ ಉಡುಪಿಯಲ್ಲಿ ಇನ್ನೊಬ್ಬರು ಇಂಜೆಕ್ಷನ್ ಕೊಟ್ಟರು. ದೈವದ ಎದುರು ನಿಂತು ಕೇಳಿದ್ದೂ ಆಯಿತು. ದೀಪಾವಳಿ ಹೊತ್ತಿಗೆ ಲೀಲಾಧರ ಶಾಲೆ ಬಿಟ್ಟ. ಕೈ ಚಾಚಿದರೆ ಹಕ್ಕಿ ರೆಕ್ಕೆ ಬಡಿದ ಹಾಗೆ ತೋಳು ಬಡಿದುಕೊಳ್ಳುತ್ತಿತ್ತು.

ಪಾಂಗಾಳದಲ್ಲಿ ನಳಿನಾಕ್ಷಿ ಮೀನು ಕೊಡುವ ಮನೆಗಳಲ್ಲಿ ಐರಿನ್‌ಳದ್ದೂ ಒಂದು. ಐರಿನ್ ಮಣಿಪಾಲದ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ನರ್ಸ್. ಒಂದು ಆದಿತ್ಯವಾರ ಅವಳು ಇಗರ್ಜಿಯಿಂದ ಬಂದು ಬಂಗುಡೆ ಆರಿಸುತ್ತಿರುವಾಗ ನಳಿನಾಕ್ಷಿ ಮಗನ ಸಂಗತಿ ಹೇಳಿದಳು.

"ಮಾತು, ಕೈ, ಜೊಲ್ಲು... ಎಲ್ಲ ಒಟ್ಟಿಗೇ ಸುರುವಾದದ್ದಾ?" ಐರಿನ್ ಕೇಳಿದಳು. "ಟಾನಿಕ್ ಕುಡಿಸಿಕೊಂಡು ಕೂತರೆ ಆಗುವುದಿಲ್ಲ ಮಾರಾಯ್ತಿ. ನಾಳೆಯೇ ಮಣಿಪಾಲಕ್ಕೆ ಕರ್ಕೊಂಡು ಬಾ. ನಾನು ಡಾಕ್ಟ್ರ ಹತ್ತಿರ ಹೇಳಿಡ್ತೇನೆ."

ಅಲ್ಲಿಯ ನರರೋಗ ತಜ್ಞ ಡಾ. ಲಿಯೋನೆಲ್ ಮಾತು ಕಡಿಮೆಯ ಮನುಷ್ಯ. ಲೀಲಾಧರನನ್ನು ನಡೆಸಿದರು, ಮೂಗು ಮುಟ್ಟಿಸಿದರು, ಹೆಸರು ಬರೆಸಿದರು. ಪೆನ್ಸಿಲು ಕಾಗದವನ್ನು ಹರಿಯಿತು. ನರರೋಗದ ಪರೀಕ್ಷೆ ಮುಗಿಯಿತೆಂದು ನಳಿನಾಕ್ಷಿ ತಿಳಿದುಕೊಂಡರೆ, ಅವರು ಹುಡುಗನನ್ನು ಕಣ್ಣಿನ ವಿಭಾಗಕ್ಕೆ ಕಳಿಸಿದರು. ಕತ್ತಲೆ ಕೋಣೆಯಲ್ಲಿ ಐರಿನ್ ಅವನ ಗಲ್ಲವನ್ನು ಒಂದು ಯಂತ್ರದ ಮೇಲೆ ಇಡಿಸಿ ತಲೆಯನ್ನು ಎರಡೂ ಕೈಯಿಂದ ಅಲುಗದಂತೆ ಹಿಡಿದುಕೊಂಡಳು. ಸೀಳಿನಂತಹ ಸಪೂರ ಬೆಳಕು ಕಣ್ಣಿನ ಮೇಲೆ ಬಿತ್ತು. ಕಣ್ಣಿನ ಡಾಕ್ಟರರು ಬಹಳ ಹೊತ್ತು ನೋಡಿ, ಡಾ. ಲಿಯೋನೆಲ್‌ರನ್ನು ಕರೆದು ತೋರಿಸಿದರು. ಕಪ್ಪುಗುಡ್ಡೆಯ ಅಂಚಿನ ಸುತ್ತ ಕಂದು ಬಣ್ಣದ ಉಂಗುರವೊಂದು ಕೂತಿತ್ತು.

"ಇದು ತಾಮ್ರ" ಎಂದರು ಡಾ. ಲಿಯೋನೆಲ್.

ರಕ್ತ ತೆಗೆದರು. ಒಂದು ಹಗಲು ಒಂದು ರಾತ್ರಿಯ ಮೂತ್ರವನ್ನು ಕ್ಯಾನಿನಲ್ಲಿ ಹಿಡಿಸಿ ದೂರದ ಊರಿನ ಪ್ರಯೋಗಾಲಯಕ್ಕೆ ಕಳಿಸಿದರು. ವರದಿ ಬಂದ ದಿನ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡರು.

"ವಿಲ್ಸನ್ ಕಾಯಿಲೆ ಅಂತ ಹೆಸರು. ಚಂದು, ಬೋಟಿನ ತಳದೊಳಗೆ ನೀರು ಬರ್ತದೆ ಅಲ್ವಾ? ಎಷ್ಟು ಒಳ್ಳೆಯ ಬೋಟಾದರೂ?"

"ಬರ್ತದೆ. ಪಂಪು ಹಾಕಿ ಹೊರಗೆ ಬಿಡ್ತೇವೆ."

"ನಾವು ತಿನ್ನುವ ಅನ್ನದಲ್ಲಿ, ಮೀನಿನಲ್ಲಿ ಎಲ್ಲ ಸ್ವಲ್ಪ ಸ್ವಲ್ಪ ತಾಮ್ರ ಉಂಟು. ಹೆಚ್ಚಾದದ್ದನ್ನು ಹೊರಗೆ ಹಾಕುವ ಪಂಪು ನಮ್ಮ ಪಿತ್ತಕೋಶದ ಹತ್ತಿರ, ಯಕೃತ್ತಿನಲ್ಲಿ ಇರ್ತದೆ. ಇವನದ್ದು ಹುಟ್ಟುವಾಗಲೇ ಕೆಟ್ಟಿದೆ. ಇಷ್ಟು ವರ್ಷ ಯಕೃತ್ತು ತುಂಬಿತು. ತುಂಬಿ ಚೆಲ್ಲಿ ಈಗ ಮಿದುಳಿಗೆ ಹೋಗಿದೆ. ಮಿದುಳಿನಲ್ಲಿ ಕೈಕಾಲು, ನಾಲಿಗೆಯನ್ನು ಹದದಲ್ಲಿ ಇಡುವ ಜಾಗ ಒಂದುಂಟು. ಅಲ್ಲೇ ಹೋಗಿ ಕೂತಿದೆ. ಬುದ್ಧಿಗೆ ಹೆಚ್ಚು ಪೆಟ್ಟಾಗಿಲ್ಲ. ನೀವು ಹೇಳುವುದೆಲ್ಲ ಅವನಿಗೆ ಅರ್ಥವಾಗ್ತದೆ, ನೆನಪಿಡಿ."

"ಯಾರಿಂದ ಬಂತು ಡಾಕ್ಟ್ರೇ ಇದು? ಅವಳ ಕಡೆಯಿಂದಲಾ, ನನ್ನ ಕಡೆಯಿಂದಲಾ?" ಚಂದು ಕೇಳಿದ.

"ಇಬ್ಬರಿಂದಲೂ. ಒಬ್ಬರಿಂದ ಮಾತ್ರ ಬಂದರೆ ರೋಗ ಆಗುವುದಿಲ್ಲ. ನೀವು ಒಂದೇ ರಕ್ತದವರು, ಹಾಗಾಗಿ ಇಬ್ಬರಲ್ಲೂ ಅಡಗಿಕೊಂಡಿತ್ತು." ಸ್ವಲ್ಪ ತಡೆದು ಕೇಳಿದರು, "ಬೇರೆ ಮಕ್ಕಳು ಉಂಟಾ?"

ಸ್ವರ್ಣಲತಾ ಕುಂಟೆಬಿಲ್ಲೆಯಲ್ಲಿ ಯಾರಿಗೂ ಸೋಲದ ಹುಡುಗಿ. ಅವಳ ಕಣ್ಣಲ್ಲಿ ಉಂಗುರ ಇರಲಿಲ್ಲ. ನಳಿನಾಕ್ಷಿ ದೇವರಿಗೆ ಕೈ ಮುಗಿದಳು. ಆದರೆ ರಕ್ತದ ವರದಿ, ಮೂತ್ರದ ವರದಿ ಎರಡೂ ಅಣ್ಣನ ಹಾಗೆಯೇ ಬಂದವು. "ಇವಳದ್ದು ಇನ್ನೂ ಯಕೃತ್ತಿನಲ್ಲೇ ಉಂಟು, ಚೆಲ್ಲಿಲ್ಲ" ಎಂದರು ಡಾ. ಲಿಯೋನೆಲ್. "ಈಗಲೇ ಮದ್ದು ಸುರು ಮಾಡಿದರೆ ಇವಳಿಗೆ ಏನೂ ಆಗದೆ ಇರಬಹುದು. ಆದರೆ ಬದುಕಿರುವಷ್ಟು ದಿನ ತೆಗೆದುಕೊಳ್ಳಬೇಕು."

ಮದ್ದಿನ ಹೆಸರು ಪೆನಿಸಿಲಮೈನ್. ದೇಹದಲ್ಲಿ ಕೂತ ತಾಮ್ರವನ್ನು ಹಿಡಿದು ಮೂತ್ರದಲ್ಲಿ ಹೊರಗೆ ತರುವಂಥದ್ದು. ಉಡುಪಿಯಲ್ಲಾಗಲಿ ಮಂಗಳೂರಿನಲ್ಲಾಗಲಿ ಅದು ಸಿಗಲಿಲ್ಲ. ಐರಿನ್‌ಳ ತಮ್ಮ ಫೌಸ್ಟಿನ್ ಇರಾಕಿನ ಬಸ್ರಾದಲ್ಲಿ ಒಂದು ಆಸ್ಪತ್ರೆಯ ಔಷಧ ಉಗ್ರಾಣದಲ್ಲಿ ಕೆಲಸಕ್ಕಿದ್ದ. ಅಕ್ಕ ಬರೆದಳು, ತಮ್ಮ ಕೊಂಡು ಕಳಿಸಿದ. ಊರಿಗೆ ರಜೆಯಲ್ಲಿ ಬರುವವರ ಪೆಟ್ಟಿಗೆಯಲ್ಲಿ, ಸೋಪು ಸೆಂಟಿನ ನಡುವೆ, ಕ್ಯಾಪ್ಸೂಲಿನ ಡಬ್ಬಿಗಳು ಬರತೊಡಗಿದವು.

ಮನೆಯ ಅಡಿಗೆ ಬದಲಾಯಿತು. ತಾಮ್ರ ಹೆಚ್ಚಿರುವ ಮರುವಾಯಿ ಚಿಪ್ಪು, ಸಿಗಡಿ, ಏಡಿ, ಗೇರುಬೀಜ ಮಕ್ಕಳ ಎಲೆಗೆ ಬೀಳುವಂತಿರಲಿಲ್ಲ. ಸುಗಂಧಿ ತನ್ನ ಮದುವೆಯ ತಾಮ್ರದ ಕೊಡಪಾನವನ್ನು ಯಾರಿಗೋ ಕೊಟ್ಟುಬಿಟ್ಟಳು. ಕ್ಯಾಪ್ಸೂಲಿನಿಂದ ಕೊಳೆತ ಮೊಟ್ಟೆಯ ವಾಸನೆ ಬರುತ್ತಿತ್ತು. ಸ್ವರ್ಣಲತಾ ನುಂಗಿ ವಾಂತಿ ಮಾಡುವಳು, ಮತ್ತೆ ನುಂಗುವಳು. "ನನಗೆ ಎಂತ ಆಗಿದೆ ಅಂತ ಇದು?" ಎಂದು ಅಳುವಳು.

ಲೀಲಾಧರನಿಗೆ ಮೊದಲು ಇನ್ನೂ ಜೋರಾಯಿತು. ಕುತ್ತಿಗೆ ಒಂದು ಕಡೆಗೆ ತಿರುಚಿಕೊಂಡಿತು, ನಡೆಯುತ್ತಿದ್ದವನು ಹಾಸಿಗೆ ಹಿಡಿದ. "ನಿಮ್ಮ ಮದ್ದೇ ಅವನನ್ನು ಕೊಲ್ತಾ ಉಂಟು" ಎಂದು ಚಂದು ಆಸ್ಪತ್ರೆಗೆ ಹೋಗಿ ಕೂಗಾಡಿದ. ಹಿಡಿದಿಟ್ಟ ತಾಮ್ರ ಎದ್ದು ಹೊರಡುವಾಗ ಕೆಲವರಿಗೆ ಹೀಗೆ ಆಗುತ್ತದೆ, ಬಿಡಬೇಡಿ ಎಂದರು ಡಾ. ಲಿಯೋನೆಲ್, ಪ್ರಮಾಣ ಇಳಿಸಿ ನಿಧಾನವಾಗಿ ಏರಿಸಿದರು. 1980ರ ಬೇಸಿಗೆ ಕಳೆಯುವಷ್ಟರಲ್ಲಿ ಹುಡುಗ ಗೋಡೆ ಹಿಡಿದು ನಿಂತ. ಮಳೆಗಾಲದಲ್ಲಿ ಅಪ್ಪನ ಹೆಗಲು ಹಿಡಿದು ಕಡಲಿನವರೆಗೆ ಹೋಗಿ ಬಂದ. ಒಂದು ಸಂಜೆ ತಂಗಿಯನ್ನು "ಸ್ವರ್ಣ" ಎಂದು ಸ್ಪಷ್ಟವಾಗಿ ಕರೆದ. ಆ ದಿನ ಚಂದು ನೆರೆಕರೆಯವರಿಗೆಲ್ಲ ಚಾ ಮಾಡಿಸಿ ಕೊಟ್ಟ.

ಸೆಪ್ಟೆಂಬರಿನಲ್ಲಿ ಇರಾನ್ ಇರಾಕ್ ಯುದ್ಧ ಸುರುವಾಯಿತು. ಬಸ್ರಾದ ಮೇಲೆ ಬಾಂಬು ಬೀಳುತ್ತಿದೆಯೆಂದು ರೇಡಿಯೋ ಹೇಳಿತು. ಫೌಸ್ಟಿನ್‌ನ ಸುದ್ದಿ ನಿಂತಿತು. ಐರಿನ್ ಕೆಲಸಕ್ಕೆ ಬರುವಾಗ ಕಣ್ಣು ಊದಿಕೊಂಡಿರುತ್ತಿತ್ತು. ಅವಳ ಹತ್ತಿರ ಮದ್ದಿನ ಮಾತೆತ್ತಲು ನಳಿನಾಕ್ಷಿಗೆ ಬಾಯಿ ಬರಲಿಲ್ಲ. ಡಾ. ಲಿಯೋನೆಲ್ ಮುಂಬಯಿಗೆ, ಮದ್ರಾಸಿಗೆ, ಇಂಗ್ಲೆಂಡಿನಲ್ಲಿದ್ದ ಗೆಳೆಯರಿಗೆ ಬರೆದರು. ಎಲ್ಲಿಂದಲೂ ಬೇಗ ಬರುವ ಸೂಚನೆ ಸಿಗಲಿಲ್ಲ. ಮನೆಯಲ್ಲಿ ಉಳಿದದ್ದು ಒಂದೇ ಡಬ್ಬಿ.

ಚಂದು ಆಗ ಬೋಟಿನೊಂದಿಗೆ ರತ್ನಾಗಿರಿಯ ಕಡೆಗೆ ಹೋಗಿದ್ದ. ನಳಿನಾಕ್ಷಿ ಒಬ್ಬಳೇ ಮಣಿಪಾಲಕ್ಕೆ ಹೋದಳು.

"ಇಬ್ಬರಿಗೂ ಅರ್ಧರ್ಧ ಕೊಟ್ಟರೆ?"

"ಲೀಲಾಧರನಿಗೆ ಅರ್ಧ ಸಾಲುವುದಿಲ್ಲ, ಅವನಿಗೆ ಪೂರ್ತಿಯೇ ಬೇಕು. ಅವಳಿಗೆ ಕಡಿಮೆ ಸಾಕು. ಅವನಿಗೆ ಕೊಟ್ಟರೆ ಡಬ್ಬಿ ಬೇಗ ಖಾಲಿ, ಅವಳಿಗೆ ಉಳಿಯುವುದಿಲ್ಲ. ಅವಳಿಗೆ ಕೊಟ್ಟರೆ ಕೆಲವು ತಿಂಗಳು ಬರ್ತದೆ."

"ನಿಲ್ಲಿಸಿದರೆ ಎಂತ ಆಗ್ತದೆ?"

"ಸುರು ಮಾಡಿ ನಿಲ್ಲಿಸುವುದು ಬಹಳ ಅಪಾಯ ನಳಿನಾಕ್ಷಿ. ಯಕೃತ್ತು ಒಮ್ಮೆಲೇ ಕೈ ಬಿಡಬಹುದು. ಅವನಿಗೂ ಅಷ್ಟೇ, ಅವಳಿಗೂ ಅಷ್ಟೇ."

"ನೀವೇ ಹೇಳಿ ಡಾಕ್ಟ್ರೇ. ನಿಮ್ಮ ಮಕ್ಕಳಾದರೆ ಯಾರಿಗೆ ಕೊಡ್ತಿದ್ದಿರಿ?"

ಡಾ. ಲಿಯೋನೆಲ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವನಲ್ಲಿ ಎಷ್ಟು ವಾಪಸು ಬರ್ತದೆ ಅಂತ ನನಗೆ ಗೊತ್ತಿಲ್ಲ. ಅವಳಲ್ಲಿ ಇನ್ನೂ ಏನೂ ಹೋಗಿಲ್ಲ. ಇಷ್ಟೇ ನನಗೆ ಗೊತ್ತಿರುವುದು. ಇದಕ್ಕಿಂತ ಮುಂದೆ ನನ್ನನ್ನು ಕೇಳಬೇಡಿ."

ಮನೆಗೆ ಬಂದು ಅವಳು ಅಡಿಗೆಕೋಣೆಯಲ್ಲಿ ಒಲೆ ಹೊತ್ತಿಸದೆ ಕೂತಳು. ಸುಗಂಧಿ ಮಗಳ ಪಕ್ಕ ಬಂದು ಕೂತು ಹೇಳಿದಳು, "ಹೆಣ್ಣು ಒಂದೇ ಇರುವುದು ಮಗಾ. ಅವಳು ಹೋದರೆ ಈ ಮನೆಯ ಕುಟುಂಬ ಅಲ್ಲಿಗೇ ಮುಗಿಯಿತು."

"ಸುಮ್ಮನಿರಿ ಅಮ್ಮ! ಕುಟುಂಬ ಹಾಳಾಗಿ ಹೋಗಲಿ!" ನಳಿನಾಕ್ಷಿ ಚೀರಿದಳು. ಪಕ್ಕದ ಮನೆಯವರು ಹೊರಗೆ ಬಂದು ನೋಡಿದರು.

ಮರುದಿನ ಬೆಳಿಗ್ಗೆ ಅವಳು ಡಬ್ಬಿ ತೆರೆದು ಸ್ವರ್ಣಲತಾಳಿಗೆ ಮಾತ್ರ ಕೊಟ್ಟಳು. ಲೀಲಾಧರ ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕೂತು ನೋಡುತ್ತಿದ್ದ. ತನ್ನ ಸರದಿಗೆ ಕಾದ. ತಾಯಿ ಡಬ್ಬಿ ಮುಚ್ಚಿದಾಗ ಅವನು ಏನನ್ನೋ ಹೇಳಿದ. ಒಂದೇ ಮಾತು, ಎರಡು ಮೂರು ಸಲ. ಅವಳಿಗೆ ಅರ್ಥವಾಗಲಿಲ್ಲ. ಹತ್ತಿರ ಹೋಗಿ ಬಾಯಿಗೆ ಕಿವಿ ಕೊಟ್ಟರೂ ಅರ್ಥವಾಗಲಿಲ್ಲ. "ಬರ್ತದೆ ಮಗಾ, ನಿನ್ನದು ಬರ್ಲಿಕ್ಕುಂಟು" ಎಂದು ತಲೆ ಸವರಿದಳು. ಅವನು ಮತ್ತೆ ಹೇಳಲಿಲ್ಲ.

ಚಂದು ಬಂದಾಗ ಮಗ ಪುನಃ ಏಳಲಾರದವನಾಗಿದ್ದ. ಕಣ್ಣಿನ ಬಿಳಿ ಹಳದಿಯಾಗಿತ್ತು, ಹೊಟ್ಟೆ ನೀರು ತುಂಬಿ ಬಿಗಿದಿತ್ತು. ನಡೆದದ್ದನ್ನು ನಳಿನಾಕ್ಷಿಯೇ ಹೇಳಿದಳು. ಅವನು ಕೇಳಿಸಿಕೊಂಡು, ಕಾಲು ತೊಳೆಯದೆ ಅಂಗಳದಲ್ಲೇ ನಿಂತ.

"ಏಳದವನಿಗಾಗಿ ಬೀಳದವಳನ್ನು ಬೀಳಿಸಲಾ? ಎಂತ ಮಾಡಬೇಕಿತ್ತು ನಾನು?" ಎಂದಳು ಅವಳು.

"ಏಳದವನಾ? ಅವನು ಏಳ್ತಾ ಇದ್ದ. ನನ್ನ ಹೆಗಲು ಹಿಡಿದು ಕಡಲಿಗೆ ಬಂದಿದ್ದ. ನೀನು ನೋಡಿದ್ದಿ." ಅವನ ದನಿ ಏರಿತು. "ನಿಮಗೆ ಹೆಣ್ಣು ಬೇಕು. ಕುಟುಂಬ ಮುಂದೆ ಹೋಗಬೇಕು. ಗಂಡು ಯಾವಾಗಿದ್ದರೂ ಹೊರಗಿನವನೇ ಅಲ್ವಾ? ನಾನೂ ಹೊರಗಿನವನು, ನನ್ನ ಮಗನೂ ಹೊರಗಿನವನು."

"ಚಂದು, ಹಾಗೆ ಹೇಳಬೇಡ" ಎಂದಳು ಸುಗಂಧಿ.

"ನೀವು ಮಾತಾಡಬೇಡಿ ಮಾಮಿ. ನೀವು ಎಂತ ಹೇಳಿದ್ದು ಅಂತ ಪಕ್ಕದ ಮನೆಯವರು ದಾರಿಯಲ್ಲೇ ನನಗೆ ಹೇಳಿದರು."

ಬಾಗಿಲ ಸಂದಿಯಲ್ಲಿ ನಿಂತಿದ್ದ ಸ್ವರ್ಣಲತಾ ಇದನ್ನೆಲ್ಲ ಕೇಳಿದಳು.

ಲೀಲಾಧರನನ್ನು ಮಣಿಪಾಲದಲ್ಲಿ ಸೇರಿಸಿದರು. ಚಂದು ಮಗನ ಮಂಚ ಬಿಟ್ಟು ಕದಲಲಿಲ್ಲ. ನಳಿನಾಕ್ಷಿ ಬಂದರೆ ವರಾಂಡಕ್ಕೆ ಎದ್ದುಹೋಗುತ್ತಿದ್ದ. 1981ರ ಜನವರಿಯಲ್ಲಿ ಒಂದು ಮಧ್ಯಾಹ್ನ, ಇಬ್ಬರೂ ಒಳಗಿದ್ದಾಗಲೇ, ಹುಡುಗ ಹೋದ. ಮುಖದ ಬಿಗಿ ಸಡಿಲಿ ಬಾಯಿ ಮುಚ್ಚಿಕೊಂಡಿತು. ಚಂದು ಅದನ್ನು ಬೆರಳಿನಿಂದ ಮುಟ್ಟಿ ನೋಡಿ, ಗೋಡೆಗೆ ತಲೆ ಕೊಟ್ಟು ಅತ್ತ.

ಉತ್ತರಕ್ರಿಯೆ ಮುಗಿದ ವಾರದಲ್ಲೇ ಫೌಸ್ಟಿನ್ ಊರಿಗೆ ಮುಟ್ಟಿದ. ಬಸ್ರಾದಿಂದ ಲಾರಿಯಲ್ಲಿ ಕುವೈತಿಗೆ, ಅಲ್ಲಿ ಯಾರದೋ ಕೋಣೆಯಲ್ಲಿ ತಿಂಗಳುಗಟ್ಟಲೆ ಕಾಗದಪತ್ರಕ್ಕೆ ಕಾದು, ಕಡೆಗೆ ಹಡಗಿನಲ್ಲಿ ಮುಂಬಯಿಗೆ. ಅವನ ಪೆಟ್ಟಿಗೆ ಎಲ್ಲೋ ಹೋಗಿತ್ತು, ಕೈಚೀಲವೊಂದೇ ಉಳಿದದ್ದು. ಬಂದ ಮರುದಿನವೇ ಅಕ್ಕನನ್ನು ಕರೆದುಕೊಂಡು ಕಾಪುವಿಗೆ ಬಂದ. ದಾರಿಯಲ್ಲಿ ಐರಿನ್ ವಿಷಯ ಹೇಳಿದ್ದಳು. ಅಂಗಳದಲ್ಲಿ ನಿಂತು ಅವನು ಕೈಚೀಲದಿಂದ ಡಬ್ಬಿಗಳನ್ನು ತೆಗೆದು ಜಗಲಿಯ ಮೇಲಿಟ್ಟ. "ಬೇಗ ಬರಲಿಕ್ಕೆ ಆಗಲಿಲ್ಲ" ಎಂದ.

ಚಂದು ಡಬ್ಬಿಗಳನ್ನು ನೋಡಿದ. ಇಬ್ಬರಿಗೂ ಬೇಕಾದಷ್ಟಿತ್ತು. ಆ ಸಂಜೆಯೇ ತನ್ನ ಬಟ್ಟೆ ಕಟ್ಟಿಕೊಂಡು ಮಲ್ಪೆಗೆ ಹೋದ; ಬೋಟಿನವರು ಇರುವ ಕೋಣೆಯಲ್ಲಿ ಇರತೊಡಗಿದ. ಮಗಳ ಖರ್ಚಿಗೆ ಕಳಿಸುತ್ತಿದ್ದ, ಮನೆಗೆ ಬರುತ್ತಿರಲಿಲ್ಲ.

ವರ್ಷಗಳು ಕಳೆದವು. ಮದ್ದು ಮುಂಬಯಿಯಿಂದಲೇ ತರಿಸಲು ಆಗುವಂತಾಯಿತು. ಸ್ವರ್ಣಲತಾ ಕೈಕಾಲು ನೆಟ್ಟಗಿರುವ, ಓದಿನಲ್ಲಿ ಮುಂದಿರುವ ಹುಡುಗಿಯಾಗಿ ಬೆಳೆದಳು. ಸುಗಂಧಿ ತೀರಿಕೊಂಡಳು. 1986ರಲ್ಲಿ, ಹುಡುಗಿಗೆ ಹದಿನಾರಾಗುವಾಗ, ಶಾಲೆಯಲ್ಲಿ ಜಗಳವಾಗಿ ಒಬ್ಬಳು ಅವಳ ಮುಖಕ್ಕೇ ಹೇಳಿದಳು: "ಅಣ್ಣನ ಮದ್ದು ತಿಂದು ಬದುಕಿದವಳು ನೀನು." ಹೊಸ ಮಾತೇನೂ ಅಲ್ಲ, ಅವಳಿಗೆ ಗೊತ್ತಿದ್ದದ್ದೇ. ಆದರೆ ಆ ದಿನದಿಂದ ಅವಳು ಕ್ಯಾಪ್ಸೂಲು ಮುಟ್ಟಲಿಲ್ಲ.

ನಳಿನಾಕ್ಷಿ ಬೇಡಿದಳು, ಹೊಡೆದಳು, ಕಾಲು ಹಿಡಿದಳು. ಹುಡುಗಿ ತುಟಿ ಬಿಗಿಹಿಡಿದು ಕೂತಳು. ಡಾ. ಲಿಯೋನೆಲ್ ಮತ್ತು ಐರಿನ್ ಹೇಳಿ ಸೋತರು. ಕೆಲವು ತಿಂಗಳ ಮೇಲೆ, ಲೋಟ ಹಿಡಿದ ಮಗಳ ಬೆರಳು ಸಣ್ಣಗೆ ನಡುಗುವುದನ್ನು ನಳಿನಾಕ್ಷಿ ಕಂಡಳು. ಮೀನಿನ ಬುಟ್ಟಿಯನ್ನು ಅಲ್ಲೇ ಬಿಟ್ಟು ಮಲ್ಪೆಯ ಬಸ್ಸು ಹತ್ತಿದಳು.

ಚಂದು ಬಂದರಿನಲ್ಲಿ ಬಲೆಯ ಹರಕು ಕಟ್ಟುತ್ತಿದ್ದ. ತಲೆ ಅರ್ಧ ನರೆತಿತ್ತು. ಅವಳು ಹೇಳಿದ್ದನ್ನೆಲ್ಲ ಕೈ ನಿಲ್ಲಿಸದೆ ಕೇಳಿದ.

"ನಿನ್ನ ಕುಟುಂಬ ಅಲ್ವಾ? ನೀನೇ ನೋಡಿಕೋ."

"ನನ್ನ ಮಾತು ಅವಳು ಕೇಳುವುದಿಲ್ಲ. ನನ್ನ ಕೈಯಿಂದ ತೆಗೆದುಕೊಳ್ಳುವುದಿಲ್ಲ. ನೀವು ನನ್ನನ್ನು ಎಂತ ಬೇಕಾದರೂ ಹೇಳಿ, ಇಲ್ಲೇ ಜನರ ಎದುರು ಹೇಳಿ. ಆದರೆ ಒಮ್ಮೆ ಬನ್ನಿ. ಅವಳ ಕೈ ನಡುಗ್ತಾ ಉಂಟು."

ಚಂದುವಿನ ಕೈ ಬಲೆಯ ಮೇಲೆ ನಿಂತಿತು.

ಮರುದಿನ ಅವನು ಕಾಪುವಿಗೆ ಬಂದು ಮಗಳನ್ನು ಹೊರಡಿಸಿದ. ಮೂವರೂ ಮಣಿಪಾಲಕ್ಕೆ ಹೋದರು. ಕಣ್ಣಿನ ಪರೀಕ್ಷೆಯಲ್ಲಿ ಕಪ್ಪುಗುಡ್ಡೆಯ ಮೇಲಂಚಿನಲ್ಲಿ ತೆಳ್ಳಗೆ ಕಂದು ಗೆರೆಯೊಂದು ಮೂಡಿರುವುದು ಕಂಡಿತು. "ಇನ್ನೂ ಹೊತ್ತು ಮೀರಿಲ್ಲ" ಎಂದಷ್ಟೇ ಹೇಳಿ ಡಾ. ಲಿಯೋನೆಲ್ ಹೊರಗೆ ಹೋದರು. ವರಾಂಡದ ಬೆಂಚಿನ ಮೇಲೆ ಅಪ್ಪ ಮಗಳು ಕೂತರು. ನಳಿನಾಕ್ಷಿ ತುಸು ದೂರದಲ್ಲಿ ಕಂಬಕ್ಕೆ ಒರಗಿ ನಿಂತಳು.

"ಎಂತಕ್ಕೆ ಬಿಟ್ಟದ್ದು?"

"ಅಣ್ಣನದ್ದನ್ನು ನಾನು ತಿಂದೆ ಅಂತ ಎಲ್ಲರೂ ಹೇಳ್ತಾರೆ."

"ಎಲ್ಲರೂ ಅಲ್ಲ. ಮೊದಲು ಹೇಳಿದ್ದು ನಾನು. ನಾನು ಅಂಗಳದಲ್ಲಿ ಕೂಗಿದ್ದನ್ನು ಊರು ಹಿಡಿದುಕೊಂಡಿತು."

"ಹಾಗಾದರೆ ಅದು ಸುಳ್ಳಾ?"

"ಸುಳ್ಳಲ್ಲ. ಅವನದ್ದು ನಿಲ್ಲಿಸಿ ನಿನಗೆ ಕೊಟ್ಟದ್ದು ಹೌದು. ಬೋಟಿನಲ್ಲಿ ಕೂತು ಇಷ್ಟು ವರ್ಷ ಅದನ್ನೇ ಯೋಚಿಸಿದೆ. ನಿನ್ನ ಅಮ್ಮ ಬೇರೆ ಎಂತ ಮಾಡಬಹುದಿತ್ತು ಅಂತ. ನನಗೆ ಹೊಳೆಯಲಿಲ್ಲ ಮಗಾ. ನಾನೇ ಮನೆಯಲ್ಲಿ ಇರುತ್ತಿದ್ದರೆ ಎಂತ ಮಾಡ್ತಿದ್ದೆ ಅಂತಲೂ ಗೊತ್ತಿಲ್ಲ. ನಿನ್ನನ್ನು ಬಿಟ್ಟು ಅವನಿಗೆ ಕೊಡಲಿಕ್ಕೆ ನನ್ನ ಕೈ ಬರ್ತಿತ್ತಾ? ಅದೂ ಗೊತ್ತಿಲ್ಲ."

ಸ್ವರ್ಣಲತಾ ನಡುಗುವ ಬೆರಳುಗಳನ್ನು ಮಡಿಲಲ್ಲಿ ಒತ್ತಿ ಹಿಡಿದಳು.

"ನೀನು ತಿನ್ನದೆ ಕೂತರೆ ಅವನು ಬರುವುದಿಲ್ಲ" ಎಂದ ಚಂದು. "ನನಗೆ ಮತ್ತೊಮ್ಮೆ ಆ ಮಂಚದ ಹತ್ತಿರ ಕೂರಲಿಕ್ಕೆ ಆಗುವುದಿಲ್ಲ. ಅಷ್ಟೇ ನಾನು ಹೇಳುವುದು."

ಹುಡುಗಿ ಬಹಳ ಹೊತ್ತು ಅತ್ತಳು. ಆಮೇಲೆ ಐರಿನ್ ತಂದ ನೀರಿನೊಂದಿಗೆ, ಅಪ್ಪನ ಕೈಯಿಂದ ಕ್ಯಾಪ್ಸೂಲು ತೆಗೆದುಕೊಂಡು ನುಂಗಿದಳು. ನಳಿನಾಕ್ಷಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗಂಡ ಆಡಿದ ಮಾತು ಪೂರ್ತಿ ಅವಳ ಕಿವಿಗೆ ಬಿದ್ದಿತ್ತು. ಅವಳಿಗೆ ಅವನು ಅದನ್ನು ಎಂದೂ ಹೇಳಿರಲಿಲ್ಲ, ಈಗಲೂ ಅವಳ ಕಡೆಗೆ ತಿರುಗಿ ಹೇಳಲಿಲ್ಲ.

ಉಡುಪಿಯ ಬಸ್ ನಿಲ್ದಾಣದಲ್ಲಿ ಮೂವರೂ ಇಳಿದರು. ಕಾಪುವಿನ ಬಸ್ಸು ಹೊರಡಲು ನಿಂತಿತ್ತು. ಅವನೂ ಹತ್ತಬಹುದೆಂದು ನಳಿನಾಕ್ಷಿ ಮೆಟ್ಟಿಲಲ್ಲಿ ಒಂದು ಗಳಿಗೆ ತಡೆದು ಹಿಂದೆ ನೋಡಿದಳು.

"ಬರುವ ತಿಂಗಳು ಇವಳನ್ನು ನಾನೇ ಡಾಕ್ಟ್ರ ಹತ್ತಿರ ಕರ್ಕೊಂಡು ಹೋಗ್ತೇನೆ" ಎಂದು ಚಂದು ಮಗಳಿಗೂ ಅಲ್ಲ, ಹೆಂಡತಿಗೂ ಅಲ್ಲ ಎಂಬಂತೆ ಹೇಳಿ, ಮಲ್ಪೆಯ ಸಿಟಿ ಬಸ್ಸಿನ ಕಡೆಗೆ ನಡೆದ.

ಹೇಳಿದ ಮಾತಿಗೆ ಅವನು ತಪ್ಪಲಿಲ್ಲ. ತಿಂಗಳಿಗೊಮ್ಮೆ ಬಂದು ಅಂಗಳದಲ್ಲಿ ನಿಂತು ಮಗಳನ್ನು ಕರೆಯುತ್ತಿದ್ದ. ನಳಿನಾಕ್ಷಿ ಚಾ ಮಾಡಿ ಜಗಲಿಯಲ್ಲಿಟ್ಟರೆ ಕುಡಿಯುತ್ತಿದ್ದ. ಮಳೆಗಾಲ ಮುಗಿಯುವಷ್ಟರಲ್ಲಿ ಸ್ವರ್ಣಲತಾಳ ಬೆರಳಿನ ನಡುಕ ಕಡಿಮೆಯಾಗಿತ್ತು, ಪೂರ್ತಿ ಹೋಗಿರಲಿಲ್ಲ.